ಒಂದೂವರೆ ಮೂಟೆ ಸಿಮೆಂಟಿನ ಹಂಪು

ಬೆಂಗಳೂರಿನ ಬಡಾವಣೆಯಲ್ಲಿ ಬೀದಿದೀಪ ಕೆಟ್ಟರೆ ದೂರು ಕೊಡಬೇಕು, ದೂರಿಗೆ ನಂಬರು ಬರಬೇಕು, ‘ನಿಮ್ಮ ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಮೆಸೇಜನ್ನು ಅದೇ ಕತ್ತಲಲ್ಲಿ ನಿಂತು ಓದಬೇಕು. ಚರಂಡಿಯ ಚಪ್ಪಡಿ ಮುರಿದರೆ ಎಸ್ಟಿಮೇಟು, ಟೆಂಡರು, ವರ್ಕ್ ಆರ್ಡರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ತೂತಿನಲ್ಲಿ ಹೊಂಗೆ ಕೊಂಬೆಯೊಂದನ್ನು ನೆಟ್ಟಿರುತ್ತಾರೆ. ಗಾಡಿಗಳ ವೇಗ ತಡೆಯಲು ರಸ್ತೆಗೆ ಅಡ್ಡ ಹಾಕುವ ಹಂಪು ಹಾಗಲ್ಲ. ರಾತ್ರಿ ಮಲಗುವಾಗ ಇರಲಿಲ್ಲ. ಬೆಳಗ್ಗೆ ಐದೂವರೆಗೆ ಹಾಲಿನವನ ಮೊಪೆಡ್ಡು ಕ್ಯಾನಿನ ಸಮೇತ ಅದನ್ನು ಲೋಕಾರ್ಪಣೆ ಮಾಡಿತು. ಅರ್ಜಿ ಬರೆಯುವ ಮೊದಲೇ ಮುಗಿದುಹೋಗುವ ಕಾಮಗಾರಿ ಈ ನಗರದಲ್ಲಿ ಇದೊಂದೇ.

ಹಂಪಿಗೂ ಶಾಸ್ತ್ರ ಇದೆ ಎಂದರೆ ಯಾರೂ ನಂಬುವುದಿಲ್ಲ. ಇದೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ‘ಐಆರ್‌ಸಿ 99’ ಎಂಬ ಕೈಪಿಡಿ ಪೂರ್ತಿ ಇದರ ಮೇಲೆಯೇ, 2018ರಲ್ಲಿ ಪರಿಷ್ಕರಿಸಿದಾಗ ವೇಗ ತಗ್ಗಿಸುವ ಬೇರೆ ಉಪಾಯಗಳೂ ಸೇರಿಕೊಂಡವು. ಅದು ಹೇಳುವ ಮಾಮೂಲಿ ಹಂಪಿನ ಅಗಲ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಬೆನ್ನಿನ ತ್ರಿಜ್ಯ 17 ಮೀಟರ್. ಅಂದರೆ 110 ಅಡಿ ವ್ಯಾಸದ ಒಂದು ಗಾಲಿಯನ್ನು ಭೂಮಿಯಲ್ಲಿ ಹೂತು, ನೆತ್ತಿಯ ನಾಲ್ಕಿಂಚು ಮಾತ್ರ ಹೊರಗೆ ಬಿಟ್ಟ ಹಾಗೆ. ಅದರ ಮೇಲೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಏನೂ ಆಗುವುದಿಲ್ಲ. ತೊಟ್ಟಿಲು ತೂಗಿದಷ್ಟು. ವೇಗ ಅದಕ್ಕಿಂತ ಹೆಚ್ಚಿದರೆ ಮಾತ್ರ ಸೊಂಟ ಮಾತಾಡಲು ಶುರುಮಾಡುತ್ತದೆ.

ಈ ಕಸುಬಿನ ವಂಶಾವಳಿಯೂ ಸಣ್ಣದಲ್ಲ. 1927ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್ 1953ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ತಾವು ಕುಲಪತಿಯಾಗಿದ್ದ ವಿಶ್ವವಿದ್ಯಾಲಯದ ರಸ್ತೆಗೆ ವೇಗ ತಡೆಯುವ ಉಬ್ಬುಗಳನ್ನು ವಿನ್ಯಾಸ ಮಾಡಿಕೊಟ್ಟಿದ್ದರು. ಕಾಂಪ್ಟನ್ ಪರಿಣಾಮ ಎಂದರೆ ಎಕ್ಸ್‌ರೇ ಕಣ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಶಕ್ತಿ ಕಳೆದುಕೊಂಡು, ದಿಕ್ಕು ತಪ್ಪಿ ಹೊರಟುಹೋಗುವುದು. ನಮ್ಮ ಅಡ್ಡರಸ್ತೆಗಳಲ್ಲಿ ಈ ಪ್ರಯೋಗ ಸ್ಕೂಟರ್ ಸವಾರರ ಮೇಲೆ ದಿನಾ ನಡೆಯುತ್ತಿದೆ, ಪ್ರಯೋಗಾಲಯದ ಖರ್ಚೇ ಇಲ್ಲ. ಬೆಳಕಿನ ಚದುರುವಿಕೆಯನ್ನು ಹಿಡಿದ ಸಿ.ವಿ. ರಾಮನ್ ಬೆಂಗಳೂರಲ್ಲೇ ಇದ್ದರೂ ಹಂಪಿನ ತಂಟೆಗೆ ಹೋಗಲಿಲ್ಲ. ಆ ಖಾತೆಯನ್ನು ಬಡಾವಣೆಯ ಮೇಸ್ತ್ರಿಗಳು ವಹಿಸಿಕೊಂಡರು.

ಮೇಸ್ತ್ರಿಯ ಹಂಪಿನ ಪಾಕ ಹೀಗೆ. ಬೀದಿಯಲ್ಲಿ ಯಾರದೋ ಮನೆ ಕಟ್ಟುತ್ತಿರಬೇಕು, ಇದು ಮೊದಲ ಷರತ್ತು. ಉಳಿದ ಸಿಮೆಂಟು ಒಂದೂವರೆ ಮೂಟೆ, ಎಂ-ಸ್ಯಾಂಡ್ ಹನ್ನೆರಡು ಬಾಂಡ್ಲಿ, 20 ಎಂಎಂ ಜಲ್ಲಿ ಇಪ್ಪತ್ತನಾಲ್ಕು ಬಾಂಡ್ಲಿ, ಸಂಪಿನ ನೀರು ಕಣ್ಣಳತೆ. ರಾತ್ರಿ ಹತ್ತರ ಮೇಲೆ ಡಾಂಬರಿನ ಮೇಲೆಯೇ ಗುಡ್ಡೆ ಹಾಕಿ ಸಲಿಕೆಯಲ್ಲಿ ಕಲೆಸಿ, ಇಪ್ಪತ್ತಡಿ ಉದ್ದಕ್ಕೆ ಅಡ್ಡಲಾಗಿ ಎಳೆದು, ಕರಣೆಯಲ್ಲಿ ಎರಡು ಸಲ ಬೆನ್ನು ಸವರಿದರೆ ಮುಗಿಯಿತು. ಅಗಲ ಹದಿನೆಂಟು ಇಂಚು, ಎತ್ತರ ಆರಿಂಚು. ಡಾಂಬರಿನ ಮೈಯನ್ನು ಕೊರೆದು ಒರಟು ಮಾಡಬೇಕು, ಇಲ್ಲದಿದ್ದರೆ ಕಾಂಕ್ರೀಟು ಕಚ್ಚುವುದಿಲ್ಲ. ಯಾರೂ ಕೊರೆಯುವುದಿಲ್ಲ. ಒಂದು ವಾರ ಗೋಣಿತಟ್ಟು ಹೊದಿಸಿ ನೀರುಣಿಸಬೇಕು. ಆದರೆ ಬೆಳಗಿನ ಜಾವಕ್ಕೆ ಮೊಪೆಡ್ಡು, ಆರೂವರೆಗೆ ಕಸದ ಆಟೋ, ಏಳಕ್ಕೆ ಸ್ಕೂಲ್ ವ್ಯಾನು. ಎರಡೂ ತುದಿಗೆ ಒಂದೊಂದು ಸೈಜುಗಲ್ಲು ಇಟ್ಟು ನಡುವೆ ಒಂದು ಕೊಂಬೆ ಅಡ್ಡ ಹಾಕಿರುತ್ತಾರೆ. ಸವಾರರು ಅದನ್ನು ಹಬ್ಬದ ತೋರಣ ಎಂದು ತಿಳಿದು ಪಕ್ಕಕ್ಕೆ ಸರಿಸಿ ಹೋಗುತ್ತಾರೆ. ತಿಂಗಳೊಳಗೆ ತೆಳ್ಳಗಿದ್ದ ಅಂಚು ಒಡೆದು ಜಲ್ಲಿ ಬೀದಿಗೆ ಚೆಲ್ಲುತ್ತದೆ. ಬ್ರೇಕು ಹಿಡಿಯಬೇಕಾದ ಜಾಗದಲ್ಲೇ ಕಾಲಡಿಗೆ ಗೋಲಿ ಹರಡಿದಂತೆ.

ಕೈಪಿಡಿಯ ಹಂಪನ್ನೇ ಯಾಕೆ ಹಾಕಬಾರದು ಎಂದು ಕೇಳುವವರು ಲೆಕ್ಕ ನೋಡಿಲ್ಲ. ಇಪ್ಪತ್ತಡಿ ರಸ್ತೆಗೆ ಶಾಸ್ತ್ರೋಕ್ತ ಹಂಪು ಹಾಕಲು ಸುಮಾರು ಒಂದೂವರೆ ಘನ ಮೀಟರ್ ಮಾಲು ಬೇಕು. ಡಾಂಬರಿನಲ್ಲಾದರೆ ಮೂರು ಟನ್ನಿನ ಮೇಲೆ. ಮೇಸ್ತ್ರಿಯದಕ್ಕೆ ಕಾಲು ಘನ ಮೀಟರ್ ಸಾಕು. ಐದಾರು ಪಟ್ಟು ಉಳಿತಾಯ. ಸಾರ್ವಜನಿಕ ಹಣದ ಇಂಥ ಮಿತವ್ಯಯ ಇನ್ನಾವ ಇಲಾಖೆಯಲ್ಲೂ ಕಂಡಿಲ್ಲ. ಇನ್ನೂ ಮುಖ್ಯ ಕಾರಣ ಬೇರೆ. ನೋಯದೇ ಇರುವ ಹಂಪನ್ನು ನಾವು ಹಂಪು ಎಂದು ಒಪ್ಪುವುದೇ ಇಲ್ಲ. ಶಾಸ್ತ್ರೋಕ್ತವಾಗಿ ಹಾಕಿದರೆ ಮರುದಿನವೇ ಬೀದಿಯವರು ‘ಏನ್ರೀ ಇದು, ದೋಸೆ ಹುಯ್ದಂಗಿದೆ’ ಎನ್ನುತ್ತಾರೆ. ಇಡ್ಲಿಯ ಹಾಗೆ ಉಬ್ಬಿರಬೇಕು, ಮೇಲೆ ಬಂದವನು ಅಯ್ಯೋ ಎನ್ನಬೇಕು, ಆಗ ಕೆಲಸ ಆಗಿದೆ ಎಂದರ್ಥ.

ಆದರೆ ಅಯ್ಯೋ ಎನ್ನುವವರು ಯಾರು? ತಮಾಷೆ ಇರುವುದು ಇಲ್ಲೇ. ಹದಿನೆಂಟು ಇಂಚಿನ ಕಡಿದಾದ ಹಂಪನ್ನು ನಿಧಾನವಾಗಿ ಹತ್ತಿದರೆ ಚಕ್ರ ಪೂರ್ತಿ ಏರುತ್ತದೆ, ಚಕ್ರದ ಜೊತೆ ಗಾಡಿಯ ಮೈ ಏರುತ್ತದೆ, ಮೈಯ ಜೊತೆ ಮೇಲೆ ಕೂತವರ ಬೆನ್ನುಮೂಳೆ ಏರಿ, ಆಮೇಲೆ ದೊಪ್ಪೆಂದು ಇಳಿಯುತ್ತದೆ. ಅದೇ 50 ಕಿಲೋಮೀಟರ್ ವೇಗದಲ್ಲಿ ಬಂದರೆ ಈ ಹದಿನೆಂಟು ಇಂಚು ದಾಟಲು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಸಾಕು. ಚಕ್ರ ಜಿಗಿದದ್ದನ್ನು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಅಲ್ಲೇ ನುಂಗಿಬಿಡುತ್ತವೆ. ಮೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಂಪು ಹಿಂದೆ ಬಿದ್ದಿರುತ್ತದೆ. ಬ್ರಿಟನ್ನಿನ ರಸ್ತೆ ಪ್ರಯೋಗಾಲಯದ ವಾಟ್ಸ್ ಎಂಬಾತ 1973ರಲ್ಲಿ ಇದನ್ನೆಲ್ಲ ಪರೀಕ್ಷೆ ಮಾಡಿಯೇ ಹನ್ನೆರಡಡಿ ಅಗಲದ ಹಂಪಿಗೆ ಬಂದದ್ದು. ಹನ್ನೆರಡಡಿ ಇದ್ದರೆ ಅದೇ ವೇಗಕ್ಕೆ ದಾಟಲು ಕಾಲು ಸೆಕೆಂಡು ಹಿಡಿಯುತ್ತದೆ, ಮೈ ಏರಲು ಪುರಸೊತ್ತು ಸಿಗುತ್ತದೆ, ಜೋರು ಬಂದವನಿಗೇ ಜೋರು ಪೆಟ್ಟು.

ನಮ್ಮ ಬೀದಿಯ ವೀಲಿಂಗ್ ಹುಡುಗರು ವಾಟ್ಸ್ ಹೆಸರು ಕೇಳಿಲ್ಲ, ಆದರೆ ಅವನ ತೀರ್ಮಾನವನ್ನು ತಿರುಗಾಮುರುಗಾ ಕರತಲಾಮಲಕ ಮಾಡಿಕೊಂಡಿದ್ದಾರೆ. ಹಂಪು ಕಂಡೊಡನೆ ಸೀಟಿನಿಂದ ಅರ್ಧ ಎದ್ದು ಆಕ್ಸಿಲರೇಟರ್ ತಿರುವುತ್ತಾರೆ. ಪೆಟ್ಟು ಬೀಳುವುದು ಪೆನ್ಷನ್ ತರಲು ಹೊರಟ ತಾತನ ಸ್ಕೂಟರಿಗೆ, ಆಟೋದ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತ ತುಂಬು ಬಸುರಿಗೆ, ಸಾಂಬಾರ್ ಪ್ಯಾಕೆಟ್ಟನ್ನು ಜೋಪಾನವಾಗಿ ತರುವ ಡೆಲಿವರಿ ಹುಡುಗನಿಗೆ. ಸಣ್ಣ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ 16–17 ಸೆಂಟಿಮೀಟರ್ ಅಂತರ, ಹಂಪೇ ಹದಿನೈದು. ಖಾಲಿ ಕಾರು ಪಾರು. ಮದುವೆಗೆ ಹೊರಟ ಐದು ಜನ ಕೂತು ಡಿಕ್ಕಿ ತುಂಬಿದ್ದರೆ ಸ್ಪ್ರಿಂಗು ಕುಗ್ಗಿ, ಹೊಟ್ಟೆ ಕೆರೆದು ‘ಕರ್ರ್’ ಎನ್ನುತ್ತದೆ. ಹಂಪಿನ ನೆತ್ತಿಯ ಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಊರಿನ ಶುಭಕಾರ್ಯಗಳ ದಾಖಲೆ.

ಹಂಪುಗಳಲ್ಲಿ ಮೂರು ಬಗೆ, ದೇವಸ್ಥಾನದಲ್ಲಿರುವಂತೆಯೇ. ಕೇಬಲ್ಲಿಗೋ ನೀರಿನ ಪೈಪಿಗೋ ರಸ್ತೆ ಅಡ್ಡಡ್ಡ ಸೀಳಿ, ತೆಗೆದ ಮಣ್ಣನ್ನೇ ಗುಡ್ಡೆ ಮಾಡಿ, ಮೇಲೆ ಕಾಂಕ್ರೀಟು ಬಳಿದು ಹೋದದ್ದು ಉದ್ಭವ ಮೂರ್ತಿ. ಅದನ್ನು ಯಾರೂ ಹಾಕಲಿಲ್ಲ, ತಾನಾಗಿ ಮೂಡಿತು. ಮೇಲೆ ಹೇಳಿದ ಮೇಸ್ತ್ರಿಯದು ಪ್ರತಿಷ್ಠಾಪಿತ ಮೂರ್ತಿ. ಕಪ್ಪು-ಹಳದಿ ರಬ್ಬರಿನ ತುಂಡುಗಳನ್ನು ಸಾಲಾಗಿ ಜೋಡಿಸಿ ಬೋಲ್ಟು ಬಿಗಿದದ್ದು ಉತ್ಸವ ಮೂರ್ತಿ, ಇದು ಸಂಚಾರ ಮಾಡುತ್ತದೆ. ಮೊದಲು ತುದಿಯ ತುಂಡು ಹೋಗುತ್ತದೆ, ಆಮೇಲೆ ನಡುವಿನದು, ಒಂದೆರಡು ಮಳೆಗಾಲ ಕಳೆದರೆ ಹಲ್ಲುದುರಿದ ಬಾಯಿ. ರಬ್ಬರು ಹೋದ ಮೇಲೂ ಬೋಲ್ಟು ಮಾತ್ರ ನೆಲದಿಂದ ಅರ್ಧ ಇಂಚು ತಲೆಯೆತ್ತಿ ಭಕ್ತರ ಟೈರಿಗಾಗಿ ಕಾದಿರುತ್ತದೆ. ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇದ್ದರೆ ಅದು ಕಾಕತಾಳೀಯ.

ನೀರಿಗೂ ಹಂಪಿಗೂ ಇರುವ ನಂಟು ತಿಳಿಯದವರು ‘ಹಂಪಿನ ಪಕ್ಕದಲ್ಲೇ ಗುಂಡಿ ಯಾಕೆ’ ಎಂದು ಆಶ್ಚರ್ಯಪಡುತ್ತಾರೆ. ಡಾಂಬರಿಗೆ ನೀರು ಶತ್ರು. ಇಳಿಜಾರಿನ ಬೀದಿಗೆ ಅಡ್ಡ ಕಟ್ಟಿದ ಹಂಪು ಒಂದು ಸಣ್ಣ ಅಣೆಕಟ್ಟೆ, ಮಳೆನೀರು ಅದರ ಹಿಂದೆ ನಿಲ್ಲುತ್ತದೆ. ನಿಂತ ನೀರಿನ ಮೇಲೇ ಪ್ರತಿ ಗಾಡಿ ಬ್ರೇಕು ಒತ್ತುತ್ತದೆ, ಜಲ್ಲಿ ಸಡಿಲವಾಗಿ ಏಳುತ್ತದೆ. ನೀರು ಹರಿಯಲೆಂದು ಎರಡೂ ಬದಿ ಒಂದಡಿ ಬಿಟ್ಟರೆ ಬೈಕಿನವರಿಗೆ ಅದೇ ರಾಜಮಾರ್ಗ. ಇಡೀ ಸಂಚಾರ ಚರಂಡಿ ಕಲ್ಲಿನ ಮೇಲೆ, ಗೇಟಿನ ಮುಂದಿನ ರಂಗೋಲಿಯ ಮೇಲೆ. ಆಗ ಆ ಮನೆಯವರು ಸಂದಿಗೆ ಒಂದು ಮುರಿದ ಸಿಮೆಂಟು ಕುಂಡ ಇಡುತ್ತಾರೆ. ಬೇಸಿಗೆಯಲ್ಲೂ ಈ ಜಾಗ ಒಣಗುವುದಿಲ್ಲ. 6,000 ಲೀಟರಿನ ಟ್ಯಾಂಕರು ಹಂಪು ಹತ್ತಿದಾಗ ಒಳಗಿನ ನೀರು ಹಿಂದಕ್ಕೂ ಮುಂದಕ್ಕೂ ಒಲೆದು ಸಡಿಲ ಮುಚ್ಚಳದಿಂದ ಬಕೆಟ್ಟುಗಟ್ಟಲೆ ತುಳುಕುತ್ತದೆ. ಕಾಸು ಕೊಟ್ಟು ತರಿಸಿದ ನೀರು, ಕಾಸು ಕೊಟ್ಟು ಹಾಕಿಸಿದ ಡಾಂಬರನ್ನು ಸಡಿಲಿಸುತ್ತದೆ. ಕಸದ ಆಟೋ ಅದೇ ಜಾಗಕ್ಕೆ ತನ್ನ ಕಾಣಿಕೆಯಾಗಿ ಒಂದು ಹಲಸಿನ ಸಿಪ್ಪೆ, ಒಂದು ಡೈಪರ್ ಒಪ್ಪಿಸಿ ಮುಂದೆ ಹೋಗುತ್ತದೆ.

ಮರುಡಾಂಬರೀಕರಣದ ದಿನವಂತೂ ನೋಡಬೇಕು. ಯಂತ್ರ ಹಂಪಿನ ತನಕ ಬಂದು, ನಮಸ್ಕರಿಸಿ, ಡಾಂಬರು ಹಾಸುವ ತಟ್ಟೆ ಎತ್ತಿಕೊಂಡು ದಾಟಿ, ಆಚೆ ಮತ್ತೆ ಇಳಿಸುತ್ತದೆ. ಈಚೆ ನಾಲ್ಕು ಸೆಂಟಿಮೀಟರ್ ಏರಿತು, ಆಚೆಯೂ ಏರಿತು, ಹಂಪಿನ ಅಕ್ಕಪಕ್ಕ ಒಂದೊಂದು ಗೇಣು ಏರದೆ ಉಳಿಯಿತು. ಈಗ ಅದು ಹಳ್ಳ, ಹಂಪು, ಹಳ್ಳ.

ಬಣ್ಣ, ಫಲಕ? ಕಪ್ಪು-ಬಿಳುಪು ಪಟ್ಟೆ ಬಳಿದು, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ನಿಲ್ಲಿಸಬೇಕು ಎನ್ನುತ್ತದೆ ಕೈಪಿಡಿ. ಫಲಕ ಕೆಲವು ಕಡೆ ಇದೆ. ಅದರ ಮೇಲೆ ಯುವ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಇದೆ.

ಒಂದು ಹಂಪಿನಿಂದ ಇನ್ನೊಂದಕ್ಕೆ 100ರಿಂದ 120 ಮೀಟರ್ ಇರಲಿ ಎಂದೂ ಅಲ್ಲೇ ಬರೆದಿದೆ. ಇನ್ನೂರು ಮೀಟರಿನ ಅಡ್ಡರಸ್ತೆಗೆ ಎರಡಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಆದರೆ ಮೂರನೇ ಮನೆಯ ರಿಟೈರ್ಡ್ ಅಧಿಕಾರಿಗೆ ಒಂದು ಸಿಕ್ಕ ಮೇಲೆ ಹದಿಮೂರನೇ ಮನೆಯ ಫೈನಾನ್ಸಿನವರು ಸುಮ್ಮನಿರಲು ಆಗುತ್ತದೆಯೇ? ಗಣಪತಿ ಗುಡಿಗೆ ಒಂದು, ಕಾನ್ವೆಂಟಿಗೆ ಒಂದು, ಅಪಾರ್ಟ್‌ಮೆಂಟಿನ ಒಳದಾರಿಗೆ ಒಂದು, ಹೊರದಾರಿಗೆ ಇನ್ನೊಂದು. ‘ಮನೆಗೊಂದು ಮರ’ ಎಂದು ಗೋಡೆಗಳ ಮೇಲೆ ಬರೆದದ್ದು ಫಲಿಸಿದ್ದು ಈ ರೂಪದಲ್ಲಿ. ಅರ್ಜಿಯಲ್ಲಿ ಎಲ್ಲರದ್ದೂ ಒಂದೇ ಸಾಲು: ‘ಮಕ್ಕಳು ಆಡುವ ಜಾಗ.’ ಎರಡೂ ಬದಿಗೆ ಕಾರು ನಿಂತು ನಡುವೆ ಎಂಟಡಿ ಉಳಿದ ಆ ಬೀದಿಯಲ್ಲಿ ಮಗು ಆಡಿದ್ದನ್ನು ಕಂಡವರು ಈಗ ಸೊಸೆ ತಂದುಕೊಂಡಿದ್ದಾರೆ.

ನಿಯಮದಂತೆ ಸಂಚಾರ ಪೊಲೀಸರು ಒಪ್ಪಬೇಕು, ಪಾಲಿಕೆ ಹಾಕಬೇಕು. ಬಿಬಿಎಂಪಿ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ವರ್ಷಗಟ್ಟಲೆ ಚುನಾವಣೆ ಇಲ್ಲ. ಹಂಪುಗಳು ಮಾತ್ರ ಹುಟ್ಟುತ್ತಲೇ ಇದ್ದವು, ಮಾಜಿ ಎಂಬ ಪದಕ್ಕೂ ಅಷ್ಟು ಶಕ್ತಿ ಇದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ಎರಡು ಪಾಲಿಕೆಗಳ ಗಡಿಯ ರಸ್ತೆಯಲ್ಲಿ ಮಲಗಿರುವ ಹಂಪಿನ ತಲೆ ಒಂದರಲ್ಲಿ, ಕಾಲು ಇನ್ನೊಂದರಲ್ಲಿ. ಬಣ್ಣ ಬಳಿಯುವ ಸರದಿ ಯಾರದು ಎಂಬ ಕಡತಕ್ಕೆ ಇನ್ನು ವಯಸ್ಸಾಗಬೇಕು.

ಇಷ್ಟೆಲ್ಲ ಆಗಿ ಹಂಪು ಹಾಕಿಸಿಕೊಂಡ ಮನೆಯವರು ಆರು ತಿಂಗಳಿಗೆ ಅದನ್ನು ತೆಗೆಸಲು ಓಡಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಖಾಲಿ ಟಿಪ್ಪರ್ ಲಾರಿ ಹಂಪಿನ ಮೇಲೆ ಹಾರಿದರೆ ಹಿಂಬಾಗಿಲು ಬಡಿದು ಗುಡುಗಿದಂತಾಗುತ್ತದೆ, ಶೋಕೇಸಿನ ಗಾಜು ಜುಂಯ್ ಎನ್ನುತ್ತದೆ, ಬೀದಿಯ ನಾಯಿಗಳೆಲ್ಲ ಅರ್ಧ ಗಂಟೆ ಅಭಿಪ್ರಾಯ ಹೇಳುತ್ತವೆ. ಹಾಕಿಸಲು ಮೇಸ್ತ್ರಿಗೆ ಒಂದು ಫೋನು ಸಾಕಿತ್ತು. ತೆಗೆಸಲು ಹೋದರೆ ‘ಅದು ನಮ್ಮ ಲೆಕ್ಕದಲ್ಲೇ ಇಲ್ಲವಲ್ಲ, ಇಲ್ಲದ್ದನ್ನು ತೆಗೆಯೋದು ಹೇಗೆ’ ಎನ್ನುತ್ತಾರೆ. ಆ ಬೀದಿಗೆ ದೊಡ್ಡವರ ಬೆಂಗಾವಲು ಬರುವ ಯೋಗವಿದ್ದರೆ ಸರಿ, ಹಿಂದಿನ ರಾತ್ರಿ ಜೆಸಿಬಿ ಬಂದು ಹತ್ತು ನಿಮಿಷದಲ್ಲಿ ಕೆರೆದುಕೊಂಡು ಹೋಗುತ್ತದೆ. ಇಲ್ಲದವರು ಬಾಡಿಗೆಗೆ ಬ್ರೇಕರ್ ಯಂತ್ರ ತರಿಸಿ ತಾವೇ ಒಡೆಸುತ್ತಾರೆ.

ಒಡೆಯುವಾಗ ಕಾಂಕ್ರೀಟಿನ ಜೊತೆ ಕೆಳಗಿನ ಡಾಂಬರೂ ಕಿತ್ತುಬರುತ್ತದೆ. ಹದಿನೆಂಟು ಇಂಚು ಅಗಲದ, ಇಪ್ಪತ್ತಡಿ ಉದ್ದದ ತಗ್ಗು. ಅದನ್ನು ತುಂಬಲು ಮೇಸ್ತ್ರಿಯನ್ನೇ ಕರೆಯುತ್ತಾರೆ. ಪಕ್ಕದ ಸೈಟಿನಲ್ಲಿ ಒಂದೂವರೆ ಮೂಟೆ ಸಿಮೆಂಟು ಉಳಿದಿದೆ. ತಗ್ಗಿಗೆ ಮುಕ್ಕಾಲು ಮೂಟೆ ಹಿಡಿಯುತ್ತದೆ, ಕಲೆಸಿದ್ದನ್ನು ಎಲ್ಲಿ ಎಸೆಯುವುದು?