ಪ್ಲಗ್ ತೂತಿನ ಹುಳ ಮತ್ತು ಕರುಣಾಮಯಿ ದೇವರು

ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಸಾಗರದಿಂದ ಒಳಗೆ, ದಿನಕ್ಕೆ ಎರಡೇ ಬಸ್ಸು ಬರುವ ಊರು. ಮೊಬೈಲ್ ಚಾರ್ಜಿಗೆ ಹಾಕೋಣ ಅಂತ ನೋಡಿದರೆ ಜಗುಲಿಯ ಪ್ಲಗ್ಗಿನ ಮೂರು ತೂತಿಗೂ ಮಣ್ಣು ಮೆತ್ತಿದೆ. ಕುಂಬಾರ ಹುಳದ ಕೆಲಸ, ಮಣ್ಣಿನ ಗೂಡು ಕಟ್ಟುವ ಕಣಜ ಅದು. ಮೇನ್ ಆಫ್ ಮಾಡಿ ದಬ್ಬಣದಿಂದ ಕೆದಕಿದೆ. ಒಣಮಣ್ಣಿನ ಜೊತೆ ಹಸಿರು ಹುಳಗಳು ಉದುರಿದವು. ಒಂದು, ಎರಡು, ಐದು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ ಅಷ್ಟೇ. ಸತ್ತಿವೆ ಅಂದುಕೊಂಡೆ. ಅಂಗೈಯಲ್ಲಿಟ್ಟು ನೋಡಿದರೆ ಒಂದರ ತಲೆ ನಿಧಾನಕ್ಕೆ ಆಡುತ್ತಿತ್ತು.

ಸಾಯಿಸಿದರೆ ಹುಳ ಕೊಳೆಯುತ್ತದೆ. ಅದಕ್ಕೇ ತಾಯಿ ಕಣಜ ಕುಟುಕಿ ಅಲುಗಾಡದ ಹಾಗೆ ಮಾಡುತ್ತದೆ, ಸಾಯಿಸುವುದಿಲ್ಲ. ಮೊಟ್ಟೆಯಿಟ್ಟು, ಹುಳ ತುಂಬಿ, ಬಾಗಿಲು ಮುಚ್ಚಿ ಹೋಗುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ತಾಜಾ ಊಟ.

ನಮ್ಮಜ್ಜ ಇದೇ ಗೂಡು ತೋರಿಸಿ ಬೇರೆ ಕತೆ ಹೇಳುತ್ತಿದ್ದರು. ಭ್ರಮರ-ಕೀಟ ನ್ಯಾಯ. ಗೂಡಿನೊಳಗೆ ಕೂತ ಹುಳ ಭ್ರಮರವನ್ನೇ ನೆನೆದು ನೆನೆದು ಕೊನೆಗೆ ತಾನೇ ಭ್ರಮರವಾಗುತ್ತದಂತೆ. ಭಕ್ತನೂ ಹಾಗೆ, ದೇವರನ್ನು ನೆನೆದು ದೇವರೇ ಆಗುತ್ತಾನೆ. ಎಷ್ಟು ಚಂದದ ಮಾತು! ಹುಳ ಒಳಗೆ ಹೋಗಿದ್ದನ್ನು ಯಾರೋ ನೋಡಿದ್ದಾರೆ, ಕಣಜ ಹೊರಗೆ ಬಂದಿದ್ದನ್ನೂ ನೋಡಿದ್ದಾರೆ. ನಡುವಿನ ಜಾಗಕ್ಕೆ ಭಕ್ತಿ ತುಂಬಿದ್ದಾರೆ. ಒಳಗೆ ಏನಾಯಿತು ಅಂತ ಹುಳವನ್ನು ಕೇಳಿದವರಿಲ್ಲ.

ಚಾರ್ಲ್ಸ್ ಡಾರ್ವಿನ್‌ಗೂ ಇಂಥದ್ದೇ ಇನ್ನೊಂದು ಕಣಜ ಕಾಟ ಕೊಟ್ಟಿತ್ತು. ಅದು ಜೀವಂತ ಕಂಬಳಿಹುಳದ ಮೈಯೊಳಗೇ ಮರಿ ಬೆಳೆಸುವಂಥದ್ದು. ದಯೆಯೂ ಸರ್ವಶಕ್ತಿಯೂ ಇರುವ ದೇವರು ಬೇಕೆಂದೇ ಇಂಥದ್ದನ್ನು ಸೃಷ್ಟಿಸಿದ ಅಂತ ನನಗೆ ನಂಬಲಾಗುತ್ತಿಲ್ಲ ಎಂದು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಪತ್ರ ಬರೆದ. ಬೆಕ್ಕು ಇಲಿಯನ್ನು ಆಟವಾಡಿಸುವುದೂ ಅದೇ ಪತ್ರದಲ್ಲಿದೆ.

ಮಗಳು ಪಕ್ಕದಲ್ಲೇ ನಿಂತಿದ್ದಳು. "ನೀನೇ ದೇವರಾಗಿದ್ರೆ ಏನ್ ಮಾಡ್ತಿದ್ದೆ ಅಪ್ಪ?" ಅಂದಳು. ಇಬ್ಬರೂ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿ ಶುರು ಮಾಡಿದೆವು.

ಅವಳ ಮೊದಲ ಬೇಡಿಕೆ, ಉಂಬಳ (ಜಿಗಣೆ) ಇರಬಾರದು. ನನ್ನದು ಅಡಿಕೆಯ ಕೊಳೆರೋಗ. ಆಮೇಲೆ ಮಳೆಗೆ ಬಂದೆವು, ಅಲ್ಲೇ ಸಿಕ್ಕಿಬಿದ್ದೆವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಆಷಾಢದಲ್ಲಿ ನಾಲ್ಕು ದಿನ ಮಳೆ ಬಿಟ್ಟು ಹೊಳವು ಕೊಡಪ್ಪಾ, ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಬೇಕು ಅಂತ ಅಡಿಕೆಯವರು ಬೇಡುತ್ತೇವೆ. ಕೆಳಗಿನ ಗದ್ದೆಯವರು ಅದೇ ನಾಲ್ಕು ದಿನ ನಟ್ಟಿಗೆ ನೀರು ಸಾಲದು ಅಂತ ಆಕಾಶ ನೋಡುತ್ತಾರೆ. ಅತ್ತ ಲಿಂಗನಮಕ್ಕಿ ತುಂಬಬೇಕು ಅಂತ ಕಾಯುವವರು ಬೇರೆ. (ಆ ಅಣೆಕಟ್ಟು 1964ರಲ್ಲಿ ಮುಗಿದಾಗ ಎಷ್ಟು ಊರು ಮುಳುಗಿದವು, ಕರೆಂಟು ಯಾರ ಮನೆಗೆ ಹೋಯಿತು ಅನ್ನುವ ಲೆಕ್ಕ ದೇವರ ತಲೆಗೆ ಕಟ್ಟುವಂಥದ್ದಲ್ಲ. ಅದು ನಮ್ಮದೇ.) ಮಳೆಯನ್ನು ಪಟ್ಟಿಯಿಂದ ಹೊಡೆದು ಹಾಕಿದೆವು. ಅದು ದೇವರಿಗೂ ಬಗೆಹರಿಯುವ ಬಾಬತ್ತಲ್ಲ.

"ನೋವೇ ಇರಬಾರದು" ಅಂದಳು ಮಗಳು. ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲಿಲ್ಲ. ಹುಟ್ಟಿನಿಂದಲೇ ನೋವು ಗೊತ್ತಾಗದ ಮಕ್ಕಳಿರುತ್ತಾರೆ. ನಾಲಿಗೆ ಕಚ್ಚಿಕೊಳ್ಳುತ್ತಾರೆ, ಬಿಸಿ ಕಾವಲಿಯ ಮೇಲೆ ಕೈ ಇಟ್ಟು ಸುಮ್ಮನೆ ಇರುತ್ತಾರೆ. ಉಂಬಳ ಕಚ್ಚಿದ್ದೂ ನಮಗೆ ಗೊತ್ತಾಗುವುದಿಲ್ಲ, ಕಾಲ್ಚೀಲ ಒದ್ದೆಯಾದಾಗಲೇ ಗೊತ್ತಾಗುವುದು. ಆದರೂ ಅದು ರಕ್ತ ಕುಡಿದು ಉದುರಿ ಹೋಗುತ್ತದೆ, ಹೆಚ್ಚಿನ ತಂಟೆಯಿಲ್ಲ. ಉಣುಗು, ಅಂದರೆ ಉಣ್ಣಿ, ಕಚ್ಚಿದ್ದೂ ಹಾಗೇ ಗೊತ್ತಾಗುವುದಿಲ್ಲ. ಅಲ್ಲಿ ಕತೆ ಬೇರೆ. ಒಂದು ಚುಚ್ಚಿದ ನೋವಾದರೂ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ.

ನನ್ನ ಪ್ರಕಾರ ಕರುಣೆಯಿರುವ ದೇವರು ನೋವನ್ನು ಇಟ್ಟುಕೊಳ್ಳುತ್ತಾನೆ, ಬಾಗಿಲ ಬೆಲ್ಲಿನ ಹಾಗೆ. ಬೆಲ್ಲು ಹೊಡೆಯಿತು, ಬಾಗಿಲು ತೆಗೆದೆವು, ನಿಂತಿತು. ನಮ್ಮ ಲೋಕದಲ್ಲಿ ಬೆಲ್ಲು ನಿಲ್ಲುವುದಿಲ್ಲ. ಕ್ಯಾನ್ಸರಿನವರ ಮನೆಯಲ್ಲಿ ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನಿಗೆ ಕೆಲವು ವರ್ಷಗಳ ಹಿಂದೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಬಂದಿತ್ತು. ಕೊಟ್ಟಿಗೆಗೆ ಹಾಸಲು ದರಕು (ಒಣ ಎಲೆ) ತರೋಕೆ ಕಾಡಿಗೆ ಹೋಗಿದ್ದವರು. ವಾರದೊಳಗೆ ಜ್ವರ, ಕಣ್ಣು ಕೆಂಪು, ತಲೆ ಸಿಡಿಯುವ ನೋವು. ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ಕಾಡಿನ ಹೆಸರನ್ನು ವೈದ್ಯಶಾಸ್ತ್ರದ ಪುಸ್ತಕದಲ್ಲಿ ಬರೆಸಿದ ಕಾಯಿಲೆ ಇದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗೊತ್ತಾಗಿದ್ದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಸಾಲು ಸಾಲಾಗಿ ಸಾವಾದದ್ದು ಇಲ್ಲಿಯವರು ಯಾರೂ ಮರೆತಿಲ್ಲ.

ಅಕ್ಕ ಬದುಕಿದರು. ನೋಡಲು ಬಂದವರೊಬ್ಬರು, ಒಳ್ಳೆಯವರೇ, "ದೇವರು ಪರೀಕ್ಷೆ ಮಾಡಿದ, ನೀನು ಪಾಸಾದೆ" ಅಂದರು. ನನಗೆ ಅವತ್ತಿನಿಂದ ಈ ಮಾತು ಕಂಡರಾಗದು. ಆಕೆ ದರಕಿಗೆ ಹೋಗಿದ್ದರು, ಪರೀಕ್ಷೆಗಲ್ಲ. ಫೇಲಾದವರ ಮನೆಗೆ ಹೋಗಿ ಯಾರೂ ಹೀಗೆ ಹೇಳುವುದಿಲ್ಲ, ಗಮನಿಸಿ. ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಅನ್ನುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಹಾಸಿಗೆಯಲ್ಲಿ ಮಲಗಿರುವುದಿಲ್ಲ.

ಲೈಬ್ನಿಜ್ ಅಂತ ದೊಡ್ಡ ಗಣಿತಜ್ಞ. 1710ರಲ್ಲಿ ಅವನು ವಾದಿಸಿದ್ದು ಇಷ್ಟು: ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಒಳ್ಳೆಯದು, ಇಲ್ಲದಿದ್ದರೆ ದೇವರು ಇದನ್ನು ಮಾಡುತ್ತಲೇ ಇರಲಿಲ್ಲ. ಅಂದರೆ ಒಂದು ಕೆಟ್ಟದ್ದನ್ನು ಎಳೆದರೆ ಇನ್ನೆಲ್ಲೋ ಒಂದು ಒಳ್ಳೆಯದು ಕುಸಿಯುತ್ತದೆ. ಕುಳಿತು ವಾದ ಮಾಡಿದರೆ ಇದನ್ನು ಸೋಲಿಸುವುದು ಕಷ್ಟ. ಆದರೆ ನಾವು ಒಂದನ್ನು ಎಳೆದು ನೋಡಿದ್ದೇವೆ.

ಸಿಡುಬು. ನಮ್ಮವರು ಅದನ್ನು ಕಾಯಿಲೆ ಅನ್ನುತ್ತಲೂ ಇರಲಿಲ್ಲ, "ಅಮ್ಮ ಬಂದಿದ್ದಾಳೆ" ಅನ್ನುತ್ತಿದ್ದರು. ಬೇವಿನ ಸೊಪ್ಪು, ಮಾರಿ ಹಬ್ಬ, ಹರಕೆ. ಅಜ್ಜಿಯ ಮುಖದಲ್ಲಿ ಅದರ ಕಲೆ ಇತ್ತು. ಆಕೆಯ ತಮ್ಮನ ಮುಖ ಹೇಗಿತ್ತು ಅಂತ ನಮಗೆ ಗೊತ್ತಿಲ್ಲ, ಅವನು ಉಳಿಯಲಿಲ್ಲ. 1975ರ ನಂತರ ಸಿಡುಬು ಭಾರತದಲ್ಲಿ ಕಾಣಿಸಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿತು. ಏನು ಕುಸಿಯಿತು ಹೇಳಿ? ಜನರ ತಾಳ್ಮೆ ಕಡಿಮೆಯಾಯಿತೇ? ಭಕ್ತಿ ಕಡಿಮೆಯಾಯಿತೇ? ಸಾಗರದ ಮಾರಿಕಾಂಬೆ ಜಾತ್ರೆ ಮೂರು ವರ್ಷಕ್ಕೊಮ್ಮೆ ಮೊದಲಿಗಿಂತ ಜೋರಾಗಿಯೇ ನಡೆಯುತ್ತಿದೆ. ನಾನೂ ಹಣ್ಣುಕಾಯಿ ಮಾಡಿಸಿ, ತೊಟ್ಟಿಲು ಹತ್ತಿ, ಮಿರ್ಚಿ ತಿಂದು ಬರುತ್ತೇನೆ. ಲೋಕದ ಗೋಡೆಯಿಂದ ಅಷ್ಟು ದೊಡ್ಡ ಕಲ್ಲು ಕಿತ್ತರೂ ಗೋಡೆ ನಿಂತಿದೆ. ಹಾಗಾದರೆ ಆ ಕಲ್ಲು ಗೋಡೆಗೆ ಬೇಕೇ ಇರಲಿಲ್ಲ. ಇಂಥವು ಇನ್ನೆಷ್ಟಿವೆಯೋ.

ಸಿಡುಬು ಹೋಗಲು ಒಂದು ಕಾರಣ, ಅದು ಮನುಷ್ಯರಲ್ಲಿ ಮಾತ್ರ ಬದುಕುತ್ತಿತ್ತು. ಕಾಡಿನಲ್ಲಿ ಅಡಗಲು ಜಾಗವಿರಲಿಲ್ಲ. ಮಂಗನ ಕಾಯಿಲೆ ಉಣುಗಿನಲ್ಲಿದೆ, ಮಂಗದಲ್ಲಿದೆ, ಕಾಡಿನ ಇಲಿಗಳಲ್ಲಿದೆ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಆದ್ದರಿಂದ ನಾವಾಗಿ ಕೀಳುವುದು ಕಷ್ಟ. ದೇವರಿಗೆ ಕಷ್ಟವಿರಬಾರದು, ಅಲ್ವಾ?

ನಿಜ ಹೇಳಬೇಕೆಂದರೆ ನಮ್ಮ ಮಲೆನಾಡಿನ ದೇವರುಗಳು ಈ ಕರುಣೆಯ ಕರಾರಿಗೆ ಯಾವತ್ತೂ ಸಹಿ ಹಾಕಿದವರಲ್ಲ. ಚೌಡಿ ಕರುಣಾಮಯಿ ಅಂತ ನಮ್ಮೂರಿನಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ವರ್ಷಕ್ಕೊಮ್ಮೆ ಕೊಡುವುದನ್ನು ಕೊಟ್ಟರೆ ತೋಟ ಕಾಯುತ್ತಾಳೆ, ಮರೆತರೆ ತೊಂದರೆ ಕೊಡುತ್ತಾಳೆ. ಅವಳ ಸರಹದ್ದು ಬೇಲಿಯವರೆಗೆ. ಆಚೆ ಭೂತಪ್ಪನದು. ಇದು ಪ್ರಾಮಾಣಿಕ ವ್ಯವಹಾರ. ಹುಳದ ಬಗ್ಗೆ ಚೌಡಿಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ದೇವರು ಎಲ್ಲವನ್ನೂ ಬಲ್ಲ, ಎಲ್ಲರನ್ನೂ ಪ್ರೀತಿಸುತ್ತಾನೆ ಅಂತ ದೊಡ್ಡ ಬೋರ್ಡು ಹಾಕಿದ ಮೇಲೆಯೇ ಈ ತಕರಾರು ಹುಟ್ಟುವುದು.

ಸಂಜೆ ಹೊತ್ತಿಗೆ ನಮ್ಮ ಪಟ್ಟಿ ತುಂಬಾ ಸಣ್ಣದಾಗಿತ್ತು. ಸಾವು ಇರಲಿ, ಮುಪ್ಪು ಇರಲಿ, ಮಳೆ ಇದ್ದ ಹಾಗೇ ಇರಲಿ. ಉಂಬಳವನ್ನೂ ಚೌಕಾಶಿ ಮಾಡಿ ಉಳಿಸಿಕೊಂಡೆ. ಯಾರಿಗೂ ಏನೂ ಕಲಿಸದ ನೋವು ಮಾತ್ರ ಹೋಗಲಿ. ಹುಳ ಕುಟುಕಿಸಿಕೊಂಡ ಕೂಡಲೇ ಸಾಯಲಿ, ಮಾಂಸ ಕೆಡದ ಹಾಗೆ ಬೇರೆ ಏನಾದರೂ ವ್ಯವಸ್ಥೆ ಮಾಡಲಿ. ಉಣುಗು ಹೋಗಲಿ. ಮಂಗಗಳು ಮರದಿಂದ ಉದುರದೆ ನೆಮ್ಮದಿಯಾಗಿರಲಿ.

ಅಷ್ಟರಲ್ಲಿ ಅಕ್ಕ ದರಕಿನ ಹೊರೆ ಇಳಿಸಿ ಅಂಗಳದಲ್ಲಿ ನೀರು ಕುಡಿಯುತ್ತಿದ್ದರು. ಕಾಲಿಗೆ ಆಸ್ಪತ್ರೆಯವರು ಕೊಟ್ಟ ಎಣ್ಣೆ ಹಚ್ಚಿದ್ದರು, ವಾಸನೆ ಜಗುಲಿಯವರೆಗೆ ಬರುತ್ತಿತ್ತು. ಮಗಳು ಓಡಿಹೋಗಿ ಪಟ್ಟಿ ಓದಿ ಹೇಳಿದಳು. ಅಕ್ಕ ಪೂರ್ತಿ ಕೇಳಿದರು.

"ಉಣುಗು ತೆಗೀಲಿ, ಪುಣ್ಯ ಬರ್ತದೆ" ಅಂದರು. "ಹಂಗೇ ಆ ಮಂಗನ್ನೂ ತೆಗೀಲಿ ಕಣ್ ಮಗಾ. ಈ ವರ್ಷ ಒಂದು ಬಾಳೆಗೊನೆ ಬಿಟ್ಟಿದ್ರೆ ಕೇಳು."