ಯಾವ ಗಂಟೆ, ಯಾವ ವರ್ಷ?

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಕ್ಕೆ ಹೊಸದಾಗಿ ಬರುವ ಅಭಿವೃದ್ಧಿ ತಜ್ಞರಿಗೆ ಕಚೇರಿಯವರು ಭದ್ರತಾ ತರಬೇತಿ, ರೇಡಿಯೋ, ಮಲೇರಿಯಾ ಮಾತ್ರೆ ಎಲ್ಲ ಕೊಡುತ್ತಾರೆ. (ಅಡಿಸ್ ಇರುವ ಎತ್ತರದಲ್ಲಿ ಮಲೇರಿಯಾ ಅಪರೂಪ, ಮಾತ್ರೆ ಬೇಕಾಗುವುದು ಕೆಳನಾಡಿಗೆ ಇಳಿದಾಗ.) ಗಡಿಯಾರ ನೋಡುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ವೊರೆಡಾ ಕಚೇರಿಯಿಂದ, ಅಂದರೆ ಅಲ್ಲಿನ ತಾಲ್ಲೂಕು ಕಚೇರಿಯಿಂದ, ಫೋನ್ ಬರುತ್ತದೆ: ‘ನಾಳೆ ಎರಡು ಗಂಟೆಗೆ ಸಭೆ.’ ತಜ್ಞರು ಊಟ ಮುಗಿಸಿ, ಲ್ಯಾಪ್‌ಟಾಪ್ ಹಿಡಿದು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹೋದರೆ ಅಲ್ಲಿ ಖಾಲಿ ಕುರ್ಚಿಗಳು, ತೊಳೆದಿಟ್ಟ ಕಾಫಿ ಲೋಟಗಳು. ಸಭೆ ಬೆಳಿಗ್ಗೆ ಎಂಟಕ್ಕೇ ಆಗಿಹೋಗಿದೆ. ಇಥಿಯೋಪಿಯಾದಲ್ಲಿ ಗಂಟೆಯ ಲೆಕ್ಕ ಶುರುವಾಗುವುದು ಬೆಳಗಿನಿಂದ. ನಮ್ಮ ಏಳು ಅವರಿಗೆ ಒಂದು, ಎಂಟು ಎರಡು. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗದ ಅಜ್ಜಿಗೆ ಇದು ಥಟ್ಟನೆ ಅರ್ಥವಾದೀತು, ಎಂ.ಎ., ಪಿಎಚ್‌.ಡಿ. ಮಾಡಿದವರಿಗೇ ಕಷ್ಟ. ಉಪಾಯ ಸುಲಭ: ಮುಳ್ಳಿನ ಗಡಿಯಾರದಲ್ಲಿ ಚಿಕ್ಕ ಮುಳ್ಳಿನ ನೇರ ಎದುರಿಗಿರುವ ಅಂಕಿ ಓದಿ. ದೂರದೂರಿನ ಬಸ್ಸಿಗೂ ಇದೇ ಲೆಕ್ಕ: ಹನ್ನೊಂದಕ್ಕೆ ಎಂದರೆ ನಸುಕಿನ ಐದಕ್ಕೆ ನಿಲ್ದಾಣದಲ್ಲಿರಬೇಕು. ವಿಮಾನದ ಟಿಕೆಟ್ಟಿಗೆ ಮಾತ್ರ ನಮ್ಮ ಗಂಟೆಯೇ.

ಇಷ್ಟು ಕಲಿತವರು ಮತ್ತೆ ಬೀಳುತ್ತಾರೆ. ಆತಿಥೇಯರು ಮರ್ಯಾದಸ್ಥರು, ಪರದೇಶದವರೆಂದು ತಾವೇ ಲೆಕ್ಕ ಬದಲಿಸಿ ‘ಎಂಟಕ್ಕೆ ಬನ್ನಿ’ ಅಂದಿರುತ್ತಾರೆ. ಹೊಸ ಜಾಣರು ಅದನ್ನು ಇನ್ನೊಮ್ಮೆ ತಿರುಗಿಸಿ ಪುನಃ ಮಧ್ಯಾಹ್ನ ಎರಡಕ್ಕೇ ಹಾಜರು. ‘ಹಬೆಶಾ ಗಂಟೆಯೋ, ಫರಂಜಿ ಗಂಟೆಯೋ’, ಅಂದರೆ ಇಲ್ಲಿಯವರದೋ ಪರದೇಶದವರದೋ, ಎಂದು ಬಾಯಿ ಬಿಟ್ಟು ಕೇಳಬೇಕು. ಯಾರೂ ನಗುವುದಿಲ್ಲ, ಅವರೂ ದಿನಾ ಕೇಳುತ್ತಾರೆ.

ಗಂಟೆ ತಪ್ಪಿದರೆ ಒಂದು ಸಭೆ ಹೋಗುತ್ತದೆ, ಅಷ್ಟೆ. ವರ್ಷ ತಪ್ಪಿದರೆ ಮಕ್ಕಳೇ ಕುಳ್ಳಾಗುತ್ತಾರೆ. ಅಲ್ಲಿನ ಹೊಸವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನಗಳ ಪಗುಮೆ ಎಂಬ ಪುಟಾಣಿ ತಿಂಗಳು. ಮಗುವಿನ ಲಸಿಕೆ ಕಾರ್ಡಿನಲ್ಲಿ ಹುಟ್ಟಿದ ವರ್ಷ 2014 ಎಂದಿದ್ದರೆ ಅದು ನಮ್ಮ 2021–22. ಹಾಗೇ ತುಂಬಿದರೆ, ಐದು ವರ್ಷದೊಳಗಿನ ಮಕ್ಕಳ ಪೌಷ್ಟಿಕತೆ ಸಮೀಕ್ಷೆಯ ಟ್ಯಾಬ್ಲೆಟ್ ಕಂಪ್ಯೂಟರು ‘59 ತಿಂಗಳು ದಾಟಿದೆ’ ಎಂದು ಐದು ತುಂಬದ ಕೂಸನ್ನು ಹೊರಗೆ ಹಾಕುತ್ತದೆ. ಇದು ಒಳ್ಳೆಯ ತಪ್ಪು, ತಕ್ಷಣ ಸಿಕ್ಕಿಬೀಳುತ್ತದೆ. ಕೆಟ್ಟದ್ದು ಚಿಕ್ಕ ತಪ್ಪು. ಸೆಪ್ಟೆಂಬರಿನ ಹೊಸವರ್ಷದಿಂದ ಡಿಸೆಂಬರಿನೊಳಗೆ ಹುಟ್ಟಿದವರಿಗೆ 7 ಕೂಡಿಸಬೇಕು, ಜನವರಿಯಿಂದ ಮುಂದಿನವರಿಗೆ 8. ಅವಸರದಲ್ಲಿ ಎಲ್ಲರಿಗೂ ಏಳೇ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಒಂದು ವರ್ಷ ವಯಸ್ಸು ಏರುತ್ತದೆ, ಎತ್ತರ ಏರುವುದಿಲ್ಲ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ ವರದಿಯಲ್ಲಿ ದಿಢೀರನೆ ಹೆಚ್ಚಿ, ರಾಜಧಾನಿಯಲ್ಲಿ ತುರ್ತು ಸಭೆ. (ಎಂಟಕ್ಕೋ ಎರಡಕ್ಕೋ, ಕೇಳಿಕೊಳ್ಳಿ.) ಅನುಭವಸ್ಥರು ತಾಯಿಯನ್ನು ತಾರೀಖು ಕೇಳುವುದಿಲ್ಲ, ‘ಮೆಸ್ಕೆಲ್ ಹಬ್ಬಕ್ಕೆ ಮುಂಚೆಯೋ, ತಿಮ್ಕತ್ ಆದ ಮೇಲೋ’ ಎಂದು ಕೇಳುತ್ತಾರೆ. (ಮೆಸ್ಕೆಲ್ ಸೆಪ್ಟೆಂಬರ್ ಕೊನೆಯ ಹಬ್ಬ, ತಿಮ್ಕತ್ ಜನವರಿಯದು.) ತೋಳಿನ ಸುತ್ತಳತೆ ಅಳೆಯುವ ಪಟ್ಟಿಗಂತೂ ಈ ಜಗಳವಿಲ್ಲ. ಮಗು ಆರು ತಿಂಗಳಿಂದ ಐದು ವರ್ಷದೊಳಗಿದ್ದರೆ ಸಾಕು. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ.

ಹಣದ ವರ್ಷಗಳು ಬೇರೆ. ಇಥಿಯೋಪಿಯಾ ಸರ್ಕಾರದ್ದು ಜುಲೈ 8ರಿಂದ, ಅಮೆರಿಕದ್ದು ಅಕ್ಟೋಬರಿನಿಂದ, ವಿಶ್ವಸಂಸ್ಥೆಯದು ಜನವರಿಯಿಂದ, ಬ್ರಿಟನ್ನಿನದು ಏಪ್ರಿಲ್‌ನಿಂದ. ಎಲ್ಲರಿಂದಲೂ ಕಾಸು ಪಡೆದ ಯೋಜನೆಯಲ್ಲಿ ವರ್ಷಕ್ಕೆ ನಾಲ್ಕು ‘ವರ್ಷಾಂತ್ಯ’. ರಜೆ ಯಾವಾಗ ಕೇಳಿದರೂ ವರ್ಷಾಂತ್ಯವೇ.

ಊಟದಲ್ಲಿ ಸಸ್ಯಾಹಾರಿಗೆ ಬುಧವಾರ, ಶುಕ್ರವಾರ ಸುಗ್ಗಿ. ಅಲ್ಲಿನ ಕ್ರೈಸ್ತರು ಮಾಂಸ ಬಿಡುವ ಉಪವಾಸದ ದಿನವಾದ್ದರಿಂದ ಬೇಳೆ, ಕೋಸು, ಕಡಲೆಹಿಟ್ಟಿನ ಗೊಜ್ಜಿನಂಥ ಶಿರೋ ಎಲ್ಲೆಡೆ ಸಿಗುತ್ತವೆ. ಉಳಿದ ದಿನ ಶಿರೋ ಕೇಳುವಾಗ ‘ಬೋಜೆನಾ’ ಎಂಬ ಮಾತು ಕಿವಿಗೆ ಬಿದ್ದರೆ ಬೇಡವೆನ್ನಿ, ಅದರಲ್ಲಿ ಮಾಂಸವಿರುತ್ತದೆ.

ಮನೆಗೆ ಫೋನ್ ಮಾಡೋಣವೆಂದರೆ ನಮ್ಮೂರು ಹುಬ್ಬಳ್ಳಿ ಎರಡೂವರೆ ಗಂಟೆ ಮುಂದಿದೆ. ಅಡಿಸ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಪುರುಸೊತ್ತಾದರೆ ಹುಬ್ಬಳ್ಳಿಯಲ್ಲಿ ಹನ್ನೊಂದೂವರೆ. ಆ ಹೊತ್ತಿನ ಫೋನನ್ನು ಎತ್ತುವುದೇ ‘ಯಾರಿಗೇನಾತೋ?’ ಎಂಬ ಗಾಬರಿಯಲ್ಲಿ. ಹಗಲಲ್ಲಿ ಸಿಕ್ಕವರು ಹೆಣ್ಣಿನ ಕಡೆಯವರು:

‘ತಮ್ಮಾ, ನೌಕರಿ ಪರ್ಮನೆಂಟ್ ಏನು?’

‘ವರ್ಷದ ಕಾಂಟ್ರಾಕ್ಟ್ ರೀ, ವರ್ಷಾಂತ್ಯಕ್ಕೆ ರಿನ್ಯೂ ಆಗ್ತದ.’

‘ಅಂದ್ರ ಡಿಸೆಂಬರಿಗೆ?’

ಈ ಕಡೆ ಮೌನ. ಪುಣ್ಯಕ್ಕೆ ಆ ಕಡೆಯವರು ನೆಟ್‌ವರ್ಕ್ ಹೋಗಿದೆ ಅಂದುಕೊಳ್ಳುತ್ತಾರೆ.