ಹುಡ್ರ ಮಾತನ್ನ ಮೊದ್ಲು ಕೇಳಿ, ಆಮೇಲೆ ಬೈಯಿರಿ

ನಮ್ಮ ಹಳೇ ಕ್ಲಾಸ್‌ಮೇಟುಗಳ ವಾಟ್ಸಾಪ್ ಗ್ರೂಪಲ್ಲಿ ಒಂದು ವಾರದಿಂದ ಇದೇ ಚರ್ಚೆ. ಈಗಿನ ಹುಡ್ರು ಆಡೋದು ಭಾಷೆನೇ ಅಲ್ಲ, ಕನ್ನಡನೂ ಹಾಳು ಇಂಗ್ಲಿಷೂ ಹಾಳು, ಮೊಬೈಲ್ ಕಸ್ಕೊಂಡ್ರೆ ಎಲ್ಲಾ ಸರಿ ಆಗ್ತದೆ ಅಂತ. ಅಲ್ಲಿ ಉದ್ದಕ್ಕೆ ಬರೆಯೋಕಾಗೋದಿಲ್ಲ, ಅದ್ಕೇ ಇಲ್ಲಿ ಬರೀತಿದ್ದೇನೆ. ಕುಮಟಾದಲ್ಲಿ ಕಾಲೇಜು ಹುಡ್ರು ಓಡಾಡೋ ದಾರಿ ಮೇಲೆ ಝೆರಾಕ್ಸ್ ಅಂಗಡಿ ಇಟ್ಕೊಂಡು ಕೂತವ ನಾನು, ಬೆಳಿಗ್ಗೆಯಿಂದ ಸಂಜೆ ತನಕ ಈ ಮಕ್ಕಳ ಮಾತೇ ಕಿವಿಗೆ ಬೀಳೋದು, ಹಾಗಾಗಿ ಇದರ ಬಗ್ಗೆ ನಂಗೆ ಹೇಳೋದು ಸ್ವಲ್ಪ ಜಾಸ್ತಿನೇ ಉಂಟು.

ಮೊದ್ಲು ಆ "ಭಾಷೆನೇ ಅಲ್ಲ" ಅನ್ನೋ ಮಾತು. ಅದನ್ನ ಕೇಳಿದ್ರೆ ನಂಗೆ ಸಿಟ್ಟು ಬರ್ತದೆ ಮಾರಾಯ್ರೇ. ನಾವು ಶಾಲೆಗೆ ಹೋಗ್ತಿದ್ದಾಗ ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪದಿಂದ ಬರ್ತಿದ್ದ ಹುಡ್ರು ಎದ್ದು ನಿಂತು ಉತ್ತರ ಹೇಳೋಕೆ ಬಾಯಿ ತೆಗೆದ್ರೆ ಸಾಕು ಕ್ಲಾಸಿಗೆ ಕ್ಲಾಸೇ ನಗ್ತಿತ್ತು, "ನೆಟ್ಟಗೆ ಮಾತಾಡೋ" ಅಂತಿದ್ರು, ಅವ್ರಲ್ಲಿ ಎಷ್ಟೋ ಜನ ಕ್ಲಾಸಲ್ಲಿ ಬಾಯಿ ತೆಗೆಯೋದನ್ನೇ ಬಿಟ್ರು. ಅದೇ ಹಾಲಕ್ಕಿ ಮಾತಲ್ಲಿ ಹಾಡಿದ ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಗೆ ಜಿಲ್ಲೆನೇ ಸ್ಟೇಟಸ್ ಹಾಕ್ತು. ಯಾರ ಮಾತು ಭಾಷೆ ಯಾರದ್ದಲ್ಲ ಅಂತ ತೀರ್ಮಾನ ಕೊಡೋ ಅವಸರ ನಮ್ಗೆ ಬೇಡ.

ಮತ್ತೆ ದೊಡ್ಡವ್ರಿಗೆ ತಿಳೀದ ಹಾಗೆ ಮಾತಾಡೋದು ಎಂತ ಹೊಸ್ತಾ? ನಮ್ಮ ಅಕ್ಕಂದಿರು ಹಿತ್ಲಲ್ಲಿ ಕೂತು ಅಕ್ಷರಕ್ಕೊಂದು "ಕ" ಸೇರ್ಸಿ ಕ-ಭಾಷೆ ಹೊಡೀತಿದ್ರು, ಆಯಿಗೆ ತಲೆಬುಡ ತಿಳೀತಿರ್ಲಿಲ್ಲ. ನಾವು ಚಕ್ಕರ್ ಹೊಡೀತಿದ್ವಿ, ಪರೀಕ್ಷೆಲಿ ಡುಮ್ಕಿ ಹೊಡೀತಿದ್ವಿ, ಮಾಸ್ತರು ಬ್ಲೇಡ್ ಹಾಕ್ತಾರೆ ಅಂತಿದ್ವಿ, ಅವ್ರಿಗೆ ಯಾರು ಬಕೆಟ್ ಹಿಡೀತಾರೆ ಅನ್ನೋದೂ ಗೊತ್ತಿತ್ತು. ಅದೆಲ್ಲ ಬಾಯಿಂದ ಬಾಯಿಗೆ, ಬಸ್ಸಿಂದ ಬಸ್ಸಿಗೆ ಬರೋಕೆ ವರ್ಷಗಟ್ಲೆ ಹಿಡೀತಿತ್ತು. ಈಗ 2020ರಲ್ಲಿ ಟಿಕ್‌ಟಾಕ್ ಬ್ಯಾನ್ ಆಗಿ ಆ ಜಾಗಕ್ಕೆ ರೀಲ್ಸ್ ಬಂದು ಕೂತ್ಕೊಂಡ ಮೇಲೆ ಅಮೆರಿಕದಲ್ಲಿ ಇವತ್ತು ಹುಟ್ಟಿದ ಮಾತು ನಾಳೆ ಗೋಕರ್ಣದ ಬಸ್ಸಲ್ಲಿ ಕೇಳ್ತದೆ, ಅಷ್ಟೇ ಫರಕು.

ನೋ ಕ್ಯಾಪ್ ಅಂದ್ರೆ ಸುಳ್ಳಲ್ಲ, ನಿಜ ಹೇಳ್ತಿದ್ದೇನೆ ಅಂತ. ಅದು ಅಮೆರಿಕದ ಕಪ್ಪು ಜನರ ಆಡುಮಾತು. ಸ್ಲೇ ಅಂದ್ರೆ ಭಾರೀ ಮಿಂಚ್ತಿದ್ದೀ ಅಂತ, ಅದು ನ್ಯೂಯಾರ್ಕಲ್ಲಿ ಕಪ್ಪು ಮತ್ತೆ ಲ್ಯಾಟಿನೋ ಗೇ, ಟ್ರಾನ್ಸ್ ಜನ ಸೇರಿ ಮಾಡ್ತಿದ್ದ ಬಾಲ್‌ರೂಮ್ ಕೂಟಗಳಲ್ಲಿ ಬೆಳೆದಿದ್ದು. ಅಲ್ಲಿನ ಮರ್ಯಾದಸ್ಥರು ಹತ್ರ ಸೇರಿಸದೇ ಇದ್ದ ಜನ ತಮ್ಗೋಸ್ಕರ ಕಟ್ಕೊಂಡ ಮಾತು ಇವತ್ತು ನಮ್ಮೂರ ಹುಡ್ಗಿ ಹೊಸ ಚೂಡಿದಾರ ಹಾಕ್ಕೊಂಡು ಬಂದ್ರೆ ಗೆಳತಿ ಬಾಯಲ್ಲಿ ಬರ್ತದೆ. ರಿಝ್ ಅಂದ್ರೆ ಎದುರಿನವ್ರನ್ನ ಮಾತಲ್ಲೇ ಮರುಳು ಮಾಡೋ ಕಲೆ, ಆಕ್ಸ್‌ಫರ್ಡಿನವ್ರು 2023ರ ವರ್ಷದ ಶಬ್ದ ಅಂತ ಆರ್ಸಿದ್ದು ಅದನ್ನೇ. 2024ಕ್ಕೆ ಬ್ರೇನ್ ರಾಟ್. ಹಗ್ಲೂ ರಾತ್ರಿ ರೀಲ್ಸ್ ನೋಡಿ ಮಿದುಳು ಕೊಳ್ತು ಹೋಗೋದಕ್ಕೆ ಹುಡ್ರು ತಾವೇ ಹಾಗೆ ಹೇಳ್ಕೊಳ್ತಾರೆ, ಅಂದ್ರೆ ನಾವು ಬೈಯೋದು ಅವ್ರಿಗೆ ಗೊತ್ತಿಲ್ಲದ್ದೇನಲ್ಲ.

ಎಷ್ಟು ಕಾಪಿ ತಮಾ ಅಂದ್ರೆ "ಸಿಕ್ಸ್... ಸೆವೆನ್" ಅಂತ ಎರಡೂ ಅಂಗೈ ತಕ್ಕಡಿ ಹಾಗೆ ಮೇಲೆ ಕೆಳಗೆ ಮಾಡಿ ನಗ್ತಾರೆ. ಅದಕ್ಕೆ ಇಂಥದ್ದೇ ಅಂತ ಅರ್ಥ ಇಲ್ಲ, ಆದ್ರೂ ಡಿಕ್ಷನರಿ ಡಾಟ್ ಕಾಮ್ 2025ರ ಶಬ್ದ ಅಂತ ಆರ್ಸಿದ್ದು ಅದನ್ನ. ಎಲ್ರೂ ಒಟ್ಟಿಗೆ ನಗೋಕೆ ಒಂದು ನೆವ ಅಷ್ಟೇ, ನಕ್ಕೊಳ್ಲಿ ಬಿಡಿ.

ಆರಾ ಫಾರ್ಮಿಂಗ್ ಅಂದ್ರೆ ಎಂತ ಅಂತ ಕೇಳ್ದೆ ಒಬ್ಬನ್ನ, ತದಡಿ ಕಡೆ ಹುಡ್ಗ. ಅವ ಮೊಬೈಲ್ ತೆಗ್ದು 2025ರಲ್ಲಿ ಜಗತ್ತೆಲ್ಲ ಓಡಾಡಿದ ಆ ಇಂಡೋನೇಷ್ಯಾ ದೋಣಿ ಸ್ಪರ್ಧೆ ವಿಡಿಯೋ ತೋರ್ಸಿದ, ಉದ್ದ ದೋಣಿ ತುದಿ ಮೇಲೆ ಸಣ್ಣ ಹುಡ್ಗ ಒಬ್ಬ ಕಪ್ಪು ಕನ್ನಡಕ ಹಾಕ್ಕೊಂಡು ಗಡಿಬಿಡಿನೇ ಇಲ್ದೆ ಕೈ ಬೀಸಿ ಕುಣೀತಾನಲ್ಲ ಅದು. "ನೋಡಿ ಅಂಕಲ್, ಅವ ಏನೂ ಜಾಸ್ತಿ ಮಾಡ್ತಿಲ್ಲ, ಆದ್ರೂ ಎಲ್ರ ಕಣ್ಣು ಅವ್ನ ಮೇಲೇ, ಅದೇ ಆರಾ" ಅಂದ. ನಂಗೆ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವ್ರು ನೆನಪಾದ್ರು, ಅವ್ರು ರಂಗಕ್ಕೆ ಬಂದು ನಿಂತ್ಕೊಂಡ್ರೆ ಸಾಕಿತ್ತು, ಹೆಜ್ಜೆ ಹಾಕೋದಕ್ಕೂ ಮೊದ್ಲೇ ನಿದ್ದೆಗಣ್ಣಿನ ಜನ ಎಲ್ಲ ಎದ್ದು ಕೂರ್ತಿದ್ರು. ಅವ್ನಿಗೆ ಹೇಳ್ದೆ, ಅವ ಅಲ್ಲೇ ಯೂಟ್ಯೂಬಲ್ಲಿ ಹುಡುಕಿ ಪೂರ್ತಿ ಒಂದು ಪದ್ಯ ನೋಡಿ ಹೋದ.

ಹುಡ್ಗಿಯರ ಬಾಯಲ್ಲಿ ರೆಡ್ ಫ್ಲ್ಯಾಗ್ ಅಂತ ಕೇಳ್ದಾಗಂತೂ ನಂಗೆ ಖುಷಿನೇ ಆಗ್ತದೆ. ಫೋನ್ ಪಾಸ್‌ವರ್ಡ್ ಕೊಡು ಅಂತ ಪೀಡಿಸೋನು, ಯಾರ ಹತ್ರ ಮಾತಾಡ್ದೆ ಅಂತ ಲೆಕ್ಕ ಕೇಳೋನು, ಅಂಥವ್ನನ್ನ ನೋಡಿ ಗೆಳತಿಗೆ "ಬೇಡ ಮಾರಾಯ್ತಿ, ರೆಡ್ ಫ್ಲ್ಯಾಗು" ಅಂತ ಒಂದೇ ಮಾತಲ್ಲಿ ಹೇಳ್ತಾರೆ. ನಮ್ಮ ಕಾಲದಲ್ಲಿ ಇದಕ್ಕೆ "ಅವ್ನಿಗೆ ನಿನ್ ಮೇಲೆ ಅಷ್ಟು ಪ್ರೀತಿ" ಅಂತಿದ್ರು.

ಹಾಗಂತ ಎಲ್ಲಾನೂ ಒಪ್ಪಿ ಅಂತ ನಾನು ಹೇಳ್ತಿಲ್ಲ. ಕೂದ್ಲಿಗೆ ಕಲರ್ ಹಾಕ್ಕೊಂಡು ಬೈಕಲ್ಲಿ ಹೋದವ್ನನ್ನ ನೋಡಿ ನಮ್ಮ ಅಂಗಡಿ ಮುಂದೆ ನಿಂತವ ಒಬ್ಬ "ಛಪ್ರಿ" ಅಂದ. ಚೀಪ್ ಶೋಕಿ ಮಾಡೋವ ಅಂತ ಹಿಂದಿ ರೀಲ್ಸಿಂದ ಬಂದ ಬೈಗುಳ ಅದು. ತಮಾ ಇಲ್ಲಿ ಬಾ ಅಂತ ಕರ್ದು ಹೇಳ್ದೆ, ಛಪ್ಪರ ಕಟ್ಟಿ ಬದುಕ್ತಿದ್ದ ಛಪ್ಪರ್‌ಬಂದ್ ಅನ್ನೋ ಸಮುದಾಯ ಉಂಟು, ನಮ್ಮ ರಾಜ್ಯದಲ್ಲೇ ಉಂಟು, ಅವ್ರ ಹೆಸರನ್ನ ಹಿಡ್ಕೊಂಡು ಮಾಡಿದ ಬೈಗುಳ ಅಂತಾರೆ ಇದನ್ನ, ನಿಮ್ಮ ಜಾತಿ ಹೆಸರನ್ನ ಯಾರಾದ್ರೂ ಹೀಗೆ ಬಳಸಿದ್ರೆ ನಿಂಗೆ ಹ್ಯಾಗಾಗ್ತದೆ? ಅವ ಸುಮ್ನಾದ. ಆಮೇಲೆ "ನಂಗೆ ಗೊತ್ತಿರ್ಲಿಲ್ಲ ಅಂಕಲ್" ಅಂದ, ಖರೇ ಗೊತ್ತಿರ್ಲಿಲ್ಲ. ಸಿಗ್ಮಾ ಸಿಗ್ಮಾ, ಅಂದ್ರೆ ಯಾರ ಹಂಗೂ ಇಲ್ಲದ ಒಂಟಿ ಗಂಡ್ಸು, ಅಂತ ಹೆಣ್ಮಕ್ಕಳನ್ನ ಕೀಳು ಮಾಡೋ ರೀಲ್ಸ್ ನೋಡೋರ ಹತ್ರನೂ ನಾನು ಜಗಳ ಆಡಿದ್ದೇನೆ. ಅವ್ರು ನನ್ ಮಾತು ಕೇಳೋದು ಎಂತಕ್ಕೆ ಅಂದ್ರೆ ನಾನು ಸಿಕ್ಸ್ ಸೆವೆನ್ನಿಗೂ ನೋ ಕ್ಯಾಪ್‌ಗೂ ಮುಖ ಸಿಂಡರಿಸಿಲ್ಲ. ಇಪ್ಪತ್ನಾಲ್ಕು ತಾಸೂ ಛೀ ಥೂ ಅಂತಿರೋ ಅಪ್ಪ ಛಪ್ರಿ ಅನ್ಬೇಡ ಅಂದ್ರೆ ಅದೂ ಛೀ ಥೂ ಲೆಕ್ಕಕ್ಕೇ ಹೋಗ್ತದೆ.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ಪೂರ್ತಿ ಓದಿ. "ಐ ಆ್ಯಮ್ ಕುಕ್ಡ್" ಅಂದ್ರೆ ನನ್ ಕತೆ ಮುಗೀತು ಅಂತ, ಅಸೈನ್‌ಮೆಂಟ್ ಲೇಟ್ ಆದ್ರೂ ಹಾಗೇ ಹೇಳ್ತಾರೆ, ಹೆದ್ರೋದು ಬೇಡ. ಆದ್ರೆ "ಅನ್‌ಅಲೈವ್" ಅಂತ ಕಿವಿಗೆ ಬಿದ್ರೆ ನಿಂತು ಕೇಳಿ. ಸಾವು, ಆತ್ಮಹತ್ಯೆ ಅಂತ ನೇರ ಹಾಕಿದ್ರೆ ಆಪಿನವ್ರು ವಿಡಿಯೋ ತೆಗೀತಾರೆ, ಯಾರಿಗೂ ಕಾಣದ ಹಾಗೆ ಮಾಡ್ತಾರೆ ಅಂತ ಹುಟ್ಕೊಂಡ ಶಬ್ದ ಅದು. ತಮಾಷೆಗೂ ಬಳಸ್ತಾರೆ, ಆದ್ರೆ ಎಲ್ರೂ ತಮಾಷೆಗೇ ಬಳಸ್ತಾರೆ ಅಂತ ಇಲ್ಲ. ರಿಸಲ್ಟ್ ಪ್ರಿಂಟ್ ತೆಗ್ಸೋಕೆ ಬಂದ ಹುಡ್ಗಿ ಗೆಳತಿ ಹತ್ರ ನಗ್ತಾ ನಗ್ತಾನೇ ಆ ಶಬ್ದ ಹೇಳಿದ್ಲು, ಗೆಳತಿ ಆಚೆ ಹೋದ್ಮೇಲೆ "ತಂಗಿ, ಈಗ ಹೇಳಿದ್ದು ತಮಾಷೆಗಾ?" ಅಂತ ಕೇಳ್ದೆ, ಅಷ್ಟಕ್ಕೇ ಅವ್ಳ ಕಣ್ಣಲ್ಲಿ ನೀರು. ಕೂರ್ಸಿ ಮಾತಾಡ್ಸಿ ಅವ್ಳ ಅಕ್ಕನಿಗೆ ಫೋನ್ ಹಚ್ಚಿ ಕೊಟ್ಟೆ, ಅಕ್ಕ ಬಂದು ಕರ್ಕೊಂಡು ಹೋದ್ಲು. ಮನಸ್ಸಿಗೆ ಕಷ್ಟ ಆದವ್ರಿಗೆ ಸರ್ಕಾರದ ಟೆಲಿ-ಮಾನಸ್ ಅಂತ ಸಹಾಯವಾಣಿ ಉಂಟು, ನಂಬರ್ 14416, ಪುಕ್ಕಟೆ, ಯಾವ ಹೊತ್ತಿಗೂ ಫೋನ್ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರ್ ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗ್ದು ಕೌಂಟರಿಗೆ ಅಂಟ್ಸಿದ್ದೇನೆ.

ಹುಡ್ರ ಹತ್ರ ಕೇಳುವಾಗ ಪೊಲೀಸ್ ಸ್ಟೇಷನ್ ಧಾಟಿ ಬೇಡ. ಊಟಕ್ಕೆ ಕೂತಾಗ "ಇದೆಂತ ಹೇಳು ಮಾರಾಯ" ಅಂದ್ರೆ ಸಾಕು, ಹೇಳೋಕೆ ಅವ್ರಿಗೂ ಖುಷಿ. ಕಲ್ತ ಮೇಲೆ ಆ ಮಾತನ್ನ ನೀವೇ ಅವ್ರ ಫ್ರೆಂಡ್ಸ್ ಮುಂದೆ ಆಡೋಕೆ ಹೋಗ್ಬೇಡಿ, ಅದು ಅವ್ರದ್ದು, ಅವ್ರ ಹತ್ರನೇ ಇರ್ಲಿ.

ನಮ್ಮ ಗ್ರೂಪಲ್ಲಿ ಇರೋ ಮಾಸ್ತರು, ಅಕ್ಕೋರುಗಳ ಹತ್ರ ಒಂದು ಕೇಳ್ಕೊಳ್ಳೋದುಂಟು. ಬರೋ ವಾರ ಯಾವ್ದಾದ್ರೂ ಒಂದು ಪೀರಿಯಡ್ ಬಿಡುವು ಮಾಡ್ಕೊಂಡು ಆ ಛಪ್ರಿ ವಿಷಯ ಕ್ಲಾಸಲ್ಲಿ ಮಾತಾಡಿ. 14416 ಚೀಟಿ ನೋಟಿಸ್ ಬೋರ್ಡಿಗೆ ಬೇಕಾದ್ರೆ ಅಂಗಡಿಗೆ ಬನ್ನಿ, ಎಷ್ಟು ಬೇಕಾದ್ರೂ ಪ್ರಿಂಟ್ ತೆಗ್ದು ಕೊಡ್ತೇನೆ, ದುಡ್ಡು ಬೇಡ.